ಹಳೇ ಲಾರಿ ಗಟ್ಟಿಯೋ, ಹೊಸ ಲಾರಿ ಸುರಕ್ಷಿತವೋ?

ಪ್ರಶ್ನೆ: ಲಾರಿ ಓಡಿಸಿ ಅನುಭವವಿರುವ ನಮ್ಮ ಮನೆಯ ಹಿರಿಯರು ‘ಹಳೇ ಲಾರಿಗಳ ಕಬ್ಬಿಣವೇ ಬೇರೆ, ಈಗಿನವು ಬರೀ ವೈರು, ಸೆನ್ಸರು’ ಅನ್ನುತ್ತಾರೆ. ಹೊಸ ಲಾರಿಗಳಲ್ಲಿ ತಾನಾಗಿ ಬ್ರೇಕ್ ಹಾಕುವ ರೇಡಾರ್, ಕ್ಯಾಮೆರಾ ಎಲ್ಲ ಬಂದಿವೆ. ಭಾರೀ ಲಾರಿಗಳ ಸುರಕ್ಷತೆ ನಿಜಕ್ಕೂ ಹೇಗೆ ಬೆಳೆಯಿತು? ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಮುಖ್ಯ? ಹಳೇ ಲಾರಿಗೆ ಇವನ್ನೆಲ್ಲ ಆಮೇಲೆ ಹಾಕಿಸಬಹುದಾ?

ಉತ್ತರ: ನಿಮ್ಮ ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ನನ್ನ ಆಯ್ಕೆ ರೇಡಾರ್ ಅಲ್ಲ, ಕ್ಯಾಮೆರಾನೂ ಅಲ್ಲ. ಹಿಂದಿನ ಆಕ್ಸಲ್ ಹತ್ತಿರ ಗ್ರೀಸು, ಕೆಸರು ಮೆತ್ತಿಕೊಂಡು ಒಂದು ದಪ್ಪ ಡಬ್ಬಿ ಕೂತಿರುತ್ತದಲ್ಲ, ಅದರೊಳಗಿನ ಸ್ಪ್ರಿಂಗ್. ಬ್ರೇಕಿನ ಗಾಳಿ ಪೂರ್ತಿ ಖಾಲಿಯಾದರೂ ಗಾಡಿ ನಿಲ್ಲುವುದು ಅದರಿಂದ.

ಯಾಕೆ ಅಂತ ಹೇಳುತ್ತೇನೆ. ಕಾರಿನಲ್ಲಿ ಪೆಡಲ್ ಒತ್ತಿದರೆ ಆ ಒತ್ತಡವೇ ಆಯಿಲ್ ಮೂಲಕ ಚಕ್ರಕ್ಕೆ ಹೋಗುತ್ತದೆ. 40 ಟನ್ ಗಾಡಿಗೆ ಕಾಲಿನ ಬಲ ಎಲ್ಲಿ ಸಾಕು? ಹಾಗಾಗಿ ಲಾರಿಯ ಬ್ರೇಕ್ ಪೆಡಲ್ ಬರೀ ಒಂದು ವಾಲ್ವ್. ಅದನ್ನು ಒತ್ತಿದರೆ, ಕಂಪ್ರೆಸರ್ ತುಂಬಿಟ್ಟ ಗಾಳಿ ಟ್ಯಾಂಕಿನಿಂದ ಚಕ್ರದ ಬಳಿಯ ಬ್ರೇಕ್ ಚೇಂಬರಿಗೆ ಹೋಗುತ್ತದೆ. ಅಲ್ಲಿ ರಾಡ್ ತಳ್ಳುತ್ತದೆ. ಬ್ರೇಕ್ ಶೂಗಳು ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಒಳಗಿನಿಂದ ಒತ್ತಿಕೊಳ್ಳುತ್ತವೆ. ಪೆಡಲ್ ತುಳಿದ ತಕ್ಷಣ ಇದೆಲ್ಲ ಆಗುವುದಿಲ್ಲ. ಗಾಳಿ ಪೈಪಿನುದ್ದಕ್ಕೂ ಓಡಬೇಕಲ್ಲ, ಅದಕ್ಕೆ ಸುಮಾರು ಅರ್ಧ ಸೆಕೆಂಡ್ ಬೇಕು. ಗಂಟೆಗೆ 90 ಕಿ.ಮೀ. ವೇಗದಲ್ಲಿ ಅಷ್ಟರಲ್ಲಿ ಲಾರಿ 12 ಮೀಟರ್ ಮುಂದೆ ಹೋಗಿರುತ್ತದೆ.

ಈ ಏರ್ ಬ್ರೇಕ್ ಹುಟ್ಟಿದ್ದು ರೈಲಿಗೆ. ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಮೊದಲ ಮಾದರಿಯಲ್ಲಿ, ಎಂಜಿನ್ನಿನಿಂದ ಗಾಳಿ ಬಂದರೆ ಬೋಗಿಗಳ ಬ್ರೇಕ್ ಬೀಳುತ್ತಿತ್ತು. ಅದರಲ್ಲಿ ಒಂದು ದೊಡ್ಡ ದೋಷವಿತ್ತು. ಮಧ್ಯೆ ಎಲ್ಲಾದರೂ ಪೈಪ್ ಕಳಚಿದರೆ ಇಡೀ ರೈಲಿಗೆ ಬ್ರೇಕೇ ಇಲ್ಲ. 1872ರಲ್ಲಿ ಆತ ಲೆಕ್ಕವನ್ನೇ ತಿರುಗಿಸಿದ. ಪೈಪಿನಲ್ಲಿ ಗಾಳಿ ಇದ್ದರೆ ಬ್ರೇಕ್ ಬಿಟ್ಟಿರುತ್ತದೆ, ಗಾಳಿ ಇಳಿದರೆ ಪ್ರತಿ ಬೋಗಿಯೂ ತನ್ನ ಟ್ಯಾಂಕಿನ ಗಾಳಿಯಿಂದ ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ. ಕೆಟ್ಟರೆ ಓಡಬಾರದು, ನಿಲ್ಲಬೇಕು. ಸುರಕ್ಷತೆಯ ಬಗ್ಗೆ ಇದಕ್ಕಿಂತ ಒಳ್ಳೆಯ ಯೋಚನೆ ಲಾರಿ ಲೋಕಕ್ಕೆ ಇನ್ನೂ ಸಿಕ್ಕಿಲ್ಲ ಅಂತ ನನಗೆ ಅನಿಸುತ್ತದೆ.

ಲಾರಿಗಳಿಗೆ ಏರ್ ಬ್ರೇಕ್ ಬಂದದ್ದು 1920ರ ದಶಕದಲ್ಲಿ. ಜರ್ಮನಿಯ ಕ್ನೋರ್-ಬ್ರೆಮ್ಸೆ ಕಂಪನಿಯೂ ಆಗಲೇ ರೈಲಿನ ಬ್ರೇಕ್ ಜೊತೆಗೆ ರಸ್ತೆಗೂ ಇಳಿಯಿತು. ಆದರೆ ರೈಲು ಕಲಿತ ಪಾಠ ಲಾರಿಗೆ ಪೂರ್ತಿಯಾಗಿ ಬರಲು ಇನ್ನೂ ಕೆಲವು ದಶಕಗಳೇ ಬೇಕಾದವು. ಎರಡನೇ ಮಹಾಯುದ್ಧ ಮುಗಿದು ಎಷ್ಟೋ ವರ್ಷ ಕಳೆದ ಮೇಲೆ ಸ್ಪ್ರಿಂಗ್ ಬ್ರೇಕ್ ಬಳಕೆಗೆ ಬಂತು. ಅದರ ಡಬ್ಬಿಯಲ್ಲಿ ಭಾರೀ ಬಲದ ಸ್ಪ್ರಿಂಗ್ ಒಂದನ್ನು ಗಾಳಿಯ ಒತ್ತಡವೇ ಅದುಮಿ ಹಿಡಿದಿರುತ್ತದೆ. ಸಾಮಾನ್ಯವಾಗಿ ಟ್ಯಾಂಕಿನಲ್ಲಿ 100ರಿಂದ 125 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಇರುತ್ತದೆ. ಅದು 60ರ ಸುಮಾರಿಗೆ ಇಳಿದರೆ ಕ್ಯಾಬಿನ್ನಿನಲ್ಲಿ ಬಝರ್ ಕೂಗುತ್ತದೆ. ಇನ್ನೂ ಇಳಿದು 45ರಿಂದ 20ರ ನಡುವೆ ಬಂತೆಂದರೆ ಸ್ಪ್ರಿಂಗ್ ಬಿಚ್ಚಿಕೊಂಡು ಚಕ್ರವನ್ನು ಹಿಡಿದುಬಿಡುತ್ತದೆ. ಡ್ರೈವರ್ ಪಾರ್ಕಿಂಗ್ ಬ್ರೇಕ್ ಹಾಕುವುದೆಂದರೂ ಇದೇ, ಆ ಡಬ್ಬಿಯ ಗಾಳಿಯನ್ನು ಹೊರಗೆ ಬಿಡುವುದು. ನಿಲ್ಲಿಸುವಾಗ ‘ಚುಸ್’ ಅಂತ ಸದ್ದಾಗುತ್ತದಲ್ಲ, ಅದು.

ನಡುವೆ ಒಂದು ಮಾತು. ಈ ಡಬ್ಬಿಯನ್ನು ಕೇಜಿಂಗ್ ಬೋಲ್ಟ್ ಹಾಕಿ ಸ್ಪ್ರಿಂಗ್ ಬಿಗಿ ಮಾಡದೆ ಬಿಚ್ಚಬಾರದು. ಒಳಗಿನ ಸ್ಪ್ರಿಂಗ್ ಸಿಡಿದರೆ ಎದುರಿಗಿದ್ದವರ ಪ್ರಾಣವೇ ಹೋಗುತ್ತದೆ. ಅನುಭವಿ ಮೆಕ್ಯಾನಿಕ್‌ಗಳೂ ಇದರಿಂದ ಸತ್ತಿದ್ದಾರೆ.

ಇನ್ನು ಶಾಖದ ವಿಷಯ. ಲಾರಿ ಸುರಕ್ಷತೆಯ ಕಥೆಯಲ್ಲಿ ಅರ್ಧ ಭಾಗ ಇದೇ. ಹೊರಗಿನವರು ಇದರ ಬಗ್ಗೆ ಮಾತಾಡುವುದೇ ಕಡಿಮೆ.

ಒಂದು ಲೆಕ್ಕ ನೋಡಿ. 40 ಟನ್ ಲಾರಿ ಗಂಟೆಗೆ 80 ಕಿ.ಮೀ. ವೇಗದಿಂದ ನಿಲ್ಲಬೇಕಾದರೆ ಬ್ರೇಕ್‌ಗಳು ನುಂಗಬೇಕಾದ ಶಕ್ತಿ ಸುಮಾರು 10 ಮೆಗಾಜೂಲ್. ಹತ್ತಿರ ಹತ್ತಿರ 30 ಲೀಟರ್ ತಣ್ಣೀರನ್ನು ಕುದಿಸುವಷ್ಟು. ಅದನ್ನು ಬ್ರೇಕ್ ಡ್ರಮ್‌ಗಳು ತಡೆದುಕೊಳ್ಳುತ್ತವೆ. ಈಗ ಅದೇ ಲಾರಿ ಶೇ. 6ರ ಇಳಿಜಾರಿನಲ್ಲಿ 5 ಕಿ.ಮೀ. ಇಳಿಯುತ್ತಿದೆ ಅಂದುಕೊಳ್ಳಿ. ಅಂದರೆ 300 ಮೀಟರ್ ಎತ್ತರದಿಂದ ಕೆಳಗೆ ಬರುತ್ತದೆ. ಈಗ ಶಕ್ತಿಯ ಲೆಕ್ಕ ಸುಮಾರು 118 ಮೆಗಾಜೂಲ್. ಒಂದು ಸಲ ಪೂರ್ತಿ ನಿಲ್ಲಿಸುವುದಕ್ಕಿಂತ ಹೆಚ್ಚುಕಮ್ಮಿ ಹನ್ನೆರಡು ಪಟ್ಟು. ಗಾಳಿ, ಟೈರುಗಳ ಎಳೆತ ಸ್ವಲ್ಪ ಭಾಗ ತಿನ್ನುತ್ತವೆ. ಉಳಿದದ್ದೆಲ್ಲ ಎಲ್ಲಿಗೆ ಹೋಗಬೇಕು? ಬ್ರೇಕ್ ಒಂದನ್ನೇ ನಂಬಿದರೆ ಡ್ರಮ್ಮಿಗೇ ಹೋಗಬೇಕು.

ಡ್ರಮ್ ಬಿಸಿಯಾದರೆ ಹಿಗ್ಗುತ್ತದೆ. ಶೂ ಒಳಗಿನಿಂದ ಒತ್ತುವುದರಿಂದ, ಡ್ರಮ್ ಹಿಗ್ಗಿದಷ್ಟೂ ಶೂಯಿಂದ ದೂರ ಹೋಗುತ್ತದೆ. ಚೇಂಬರಿನ ರಾಡ್ ಇನ್ನೂ ಮುಂದಕ್ಕೆ ಬರಬೇಕು. ಆದರೆ ಅದರ ಓಟಕ್ಕೂ ಒಂದು ಮಿತಿ ಇದೆ. ಜೊತೆಗೆ ಶೂ ಮೇಲಿನ ಲೈನಿಂಗ್ ಬಿಸಿಯಾಗಿ ಅದರ ಹಿಡಿತವೂ ಕಮ್ಮಿಯಾಗುತ್ತದೆ. ಪೆಡಲ್ ಪೂರ್ತಿ ತುಳಿದಿದ್ದರೂ ಗಾಡಿ ನಿಲ್ಲುವುದಿಲ್ಲ. ‘ಬ್ರೇಕ್ ಫೇಲ್ ಆಯ್ತು’ ಅಂತ ಸುದ್ದಿಯಲ್ಲಿ ಓದುತ್ತೀರಲ್ಲ, ಇಳಿಜಾರಿನಲ್ಲಿ ಆಗುವ ಅಂಥ ಅಪಘಾತಗಳಲ್ಲಿ ಎಷ್ಟೋ ಸಲ ಬ್ರೇಕಿನ ಯಾವ ಭಾಗವೂ ಮುರಿದಿರುವುದಿಲ್ಲ. ಬರೀ ಕಾದಿರುತ್ತದೆ.

ಇದಕ್ಕೆ ಮದ್ದು ಹುಡುಕಿದವರಲ್ಲಿ ಕ್ಲೆಸಿ ಕಮಿನ್ಸ್ ಹೆಸರು ಹೇಳಲೇಬೇಕು. ಕಮಿನ್ಸ್ ಡೀಸೆಲ್ ಎಂಜಿನ್ ಕಂಪನಿ ಕಟ್ಟಿದವನು. 1931ರಲ್ಲಿ ತನ್ನ ಎಂಜಿನ್ ಹಾಕಿದ ಲಾರಿಯಲ್ಲಿ ಅಮೆರಿಕದ ಒಂದು ತೀರದಿಂದ ಇನ್ನೊಂದು ತೀರಕ್ಕೆ ಹೊರಟಿದ್ದ. ಕ್ಯಾಲಿಫೋರ್ನಿಯಾದ ಕಹೋನ್ ಪಾಸ್ ಘಾಟಿ ಇಳಿಯುವಾಗ ಬ್ರೇಕ್ ಕೈಕೊಟ್ಟಿತು. ಕೆಳಗೆ ರೈಲು ಹಳಿ, ಹಳಿ ಮೇಲೆ ಗೂಡ್ಸ್ ರೈಲು. ಕೂದಲೆಳೆಯಲ್ಲಿ ಪಾರಾದರು. ಆ ಭಯ ಅವನನ್ನು ಬಿಡಲಿಲ್ಲ. ಎಷ್ಟೋ ವರ್ಷಗಳ ಮೇಲೆ ಕಂಪನಿಯಿಂದ ಹೊರಗೆ ಬಂದ ನಂತರ, ಎಂಜಿನ್ನನ್ನೇ ಬ್ರೇಕ್ ಮಾಡುವ ದಾರಿ ಕಂಡುಹಿಡಿದ. ಜೇಕಬ್ಸ್ ಅನ್ನುವ ಕಂಪನಿ 1961ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಹಾಗಾಗಿ ಡ್ರೈವರ್‌ಗಳು ಈಗಲೂ ಅದನ್ನು ‘ಜೇಕ್ ಬ್ರೇಕ್’ ಅನ್ನುತ್ತಾರೆ.

ಅದರ ಕೆಲಸ ಸರಳ. ಎಂಜಿನ್ ಪಿಸ್ಟನ್ ಗಾಳಿಯನ್ನು ಅದುಮುವುದಕ್ಕೆ ಶಕ್ತಿ ಖರ್ಚಾಗುತ್ತದೆ. ಸುಮ್ನೆ ಬಿಟ್ಟರೆ ಆ ಗಾಳಿಯೇ ಹಿಗ್ಗಿ ಪಿಸ್ಟನ್ನನ್ನು ಮತ್ತೆ ಕೆಳಗೆ ತಳ್ಳಿ ಆ ಶಕ್ತಿಯನ್ನು ವಾಪಸ್ ಕೊಟ್ಟುಬಿಡುತ್ತದೆ. ಅದಕ್ಕೇ ಡೀಸೆಲ್ ಎಂಜಿನ್ನಿನಲ್ಲಿ ಆಕ್ಸಿಲರೇಟರ್ ಬಿಟ್ಟರೂ ಗಾಡಿ ಅಷ್ಟಾಗಿ ಹಿಡಿಯುವುದಿಲ್ಲ. ಪಿಸ್ಟನ್ ಮೇಲಕ್ಕೆ ಬಂದು ಗಾಳಿ ಪೂರ್ತಿ ಅದುಮಿದ ಕ್ಷಣದಲ್ಲೇ ಎಕ್ಸಾಸ್ಟ್ ವಾಲ್ವ್ ತೆರೆದುಬಿಟ್ಟರೆ? ಆ ಶಕ್ತಿ ಸೈಲೆನ್ಸರ್ ಮೂಲಕ ಹೊರಗೆ ಹೋಗುತ್ತದೆ. ಇಳಿಜಾರಿನಲ್ಲಿ ಟಟಟಟ ಅಂತ ಜೋರಾಗಿ ಸದ್ದು ಬರುವುದು ಇದಕ್ಕೇ. ಎಕ್ಸಾಸ್ಟ್ ಬ್ರೇಕ್ ಇದರ ಸಣ್ಣ ರೂಪ, ಹೊಗೆ ಪೈಪನ್ನು ಮುಚ್ಚಳದಿಂದ ಬಹುತೇಕ ಮುಚ್ಚುವುದು. ಪ್ರೊಪೆಲ್ಲರ್ ಶಾಫ್ಟಿಗೋ ಗೇರ್ ಬಾಕ್ಸಿಗೋ ಕೂರಿಸುವ ರಿಟಾರ್ಡರ್ ಕೂಡ ಇದೇ ಕೆಲಸ ಮಾಡುತ್ತದೆ, ಒಂದು ಬಗೆಯದು ವಿದ್ಯುತ್ತಿನಿಂದ, ಇನ್ನೊಂದು ಆಯಿಲ್‌ನಿಂದ. ಇವು ಯಾವುವೂ ಡ್ರಮ್ಮನ್ನು ಮುಟ್ಟುವುದಿಲ್ಲ. ಡ್ರಮ್ ತಣ್ಣಗಿದ್ದು, ತುರ್ತಿಗೆ ಬೇಕಾದಾಗ ಸಿದ್ಧವಾಗಿರುತ್ತದೆ. ಇಷ್ಟೆಲ್ಲ ಇಟ್ಟುಕೊಂಡು ಡೀಸೆಲ್ ಉಳಿಸೋಣ ಅಂತ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವವರನ್ನು ನೋಡಿದರೆ ಏನು ಹೇಳಬೇಕೋ ಗೊತ್ತಾಗುವುದಿಲ್ಲ.

ಆಮೇಲೆ ಬಂದ ಡಿಸ್ಕ್ ಬ್ರೇಕ್ ಶಾಖದ ಸಮಸ್ಯೆಗೆ ಇನ್ನೊಂದು ಉತ್ತರ. ಡಿಸ್ಕ್ ಕಾದರೆ ದಪ್ಪವಾಗುತ್ತದೆ, ಅಂದರೆ ಪ್ಯಾಡಿನ ಕಡೆಗೇ ಬರುತ್ತದೆ, ದೂರ ಹೋಗುವುದಿಲ್ಲ. ಯುರೋಪಿನ ಲಾರಿಗಳು 1990ರ ದಶಕದಲ್ಲಿ ಈ ಕಡೆ ಹೊರಳಿದವು. ಅಮೆರಿಕದವರು ಡ್ರಮ್ಮನ್ನೇ ಜಾಸ್ತಿ ಕಾಲ ಹಿಡಿದುಕೊಂಡರು. ಅಲ್ಲಿ 2009ರಲ್ಲಿ ಬಂದ ನಿಯಮ ನೋಡಿ. ಗಂಟೆಗೆ 60 ಮೈಲಿ, ಅಂದರೆ ಸುಮಾರು 97 ಕಿ.ಮೀ. ವೇಗದಿಂದ ಲೋಡ್ ಆದ ಟ್ರ್ಯಾಕ್ಟರ್-ಟ್ರೇಲರ್ (ಟ್ರ್ಯಾಕ್ಟರ್ ಅಂದರೆ ಇಲ್ಲಿ ಟ್ರೇಲರ್ ಎಳೆಯುವ ಮುಂದಿನ ಲಾರಿ) ನಿಲ್ಲಲು ಅಲ್ಲಿಯವರೆಗೆ 355 ಅಡಿ ಅವಕಾಶವಿತ್ತು. ಅದನ್ನು 250 ಅಡಿಗೆ ಇಳಿಸಿದರು. 108 ಮೀಟರ್ ಇದ್ದದ್ದು 76 ಮೀಟರ್ ಆಯಿತು. ಉಳಿದ ಆ 32 ಮೀಟರ್‌ನಲ್ಲಿ ಏಳೆಂಟು ಕಾರುಗಳು ಸಾಲಾಗಿ ನಿಲ್ಲುತ್ತವೆ.

ಈಗ ನಿಮ್ಮ ಮನೆಯ ಹಿರಿಯರ ‘ವೈರು, ಸೆನ್ಸರು’ ಮಾತಿಗೆ ಬರೋಣ. ಅವರ ಅನುಮಾನ ಪೂರ್ತಿ ಸುಳ್ಳಲ್ಲ. ಅದಕ್ಕೊಂದು ಇತಿಹಾಸವೇ ಇದೆ.

ಹಿಂದೆ ಅಮೆರಿಕದಲ್ಲಿ ಎಷ್ಟೋ ಲಾರಿಗಳ ಮುಂದಿನ ಚಕ್ರಕ್ಕೆ ಬ್ರೇಕೇ ಇರುತ್ತಿರಲಿಲ್ಲ. ಇದ್ದರೂ ಡ್ರೈವರ್‌ಗಳು ಕಳಚಿಬಿಡುತ್ತಿದ್ದರು. ಮುಂದಿನ ಚಕ್ರ ಲಾಕ್ ಆದರೆ ಸ್ಟೇರಿಂಗ್ ಹೋಗುತ್ತದೆ ಅನ್ನುವ ಭಯ. ಭಯಕ್ಕೆ ಕಾರಣ ಇತ್ತು, ಆದರೆ ಮಾಡಿಕೊಂಡ ಪರಿಹಾರ ತಪ್ಪು. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ, ಆಗ ಹಿಡಿತ ಇರುವುದೇ ಮುಂದಿನ ಚಕ್ರಗಳಲ್ಲಿ. ಅಲ್ಲಿನ ನಿಯಮದಲ್ಲಿ ಈಗಲೂ ಒಂದು ಸಾಲು ಉಳಿದಿದೆ. ಮೂರು ಅಥವಾ ಹೆಚ್ಚು ಆಕ್ಸಲ್ ಇರುವ, 1980ರ ಜುಲೈ 25ಕ್ಕೆ ಮುಂಚೆ ತಯಾರಾದ ಲಾರಿಗೆ ಮುಂದಿನ ಬ್ರೇಕ್ ಕಡ್ಡಾಯವಲ್ಲ.

ಲಾಕ್ ಆಗುವ ಸಮಸ್ಯೆಗೆ ನಿಜವಾದ ಉತ್ತರ ಎಬಿಎಸ್. ಪ್ರತಿ ಚಕ್ರದ ವೇಗ ಅಳೆದು, ಯಾವುದಾದರೂ ನಿಂತುಹೋಗುತ್ತಿದೆ ಅನಿಸಿದರೆ ಅದರ ಬ್ರೇಕನ್ನು ಕ್ಷಣ ಮಾತ್ರ ಸಡಿಲಿಸಿ ಮತ್ತೆ ಹಿಡಿಯುವುದು. ಅಮೆರಿಕ ಸರ್ಕಾರ 1975ರಲ್ಲೇ, ಲಾರಿಗಳಲ್ಲಿ ಎಬಿಎಸ್ ಇಲ್ಲದೆ ಸಾಧ್ಯವೇ ಆಗದಂಥ ಬ್ರೇಕ್ ನಿಯಮವೊಂದನ್ನು ಜಾರಿ ಮಾಡಿತು. ಆದರೆ ಆಗಿನ ಎಲೆಕ್ಟ್ರಾನಿಕ್ಸ್ ಅದಕ್ಕೆ ತಯಾರಿರಲಿಲ್ಲ. ನೀರು, ಕಂಪನ, ಧೂಳು ಯಾವುದನ್ನೂ ಅದು ತಡೆಯಲಿಲ್ಲ. ಹತ್ತಿರದ ರೇಡಿಯೋ ಅಲೆಗಳಿಗೂ ಕೆಲವು ಗಲಿಬಿಲಿಗೊಳ್ಳುತ್ತಿದ್ದವು. ಕೆಲವು ಬೇಕಾದಾಗ ಕೆಲಸ ಮಾಡಲಿಲ್ಲ, ಕೆಲವು ಬೇಡದಾಗ ಮಾಡಿದವು. ಡ್ರೈವರ್‌ಗಳು ವೈರ್ ಕಿತ್ತುಹಾಕಿದರು. ಲಾರಿ ತಯಾರಕರು ಕೋರ್ಟಿಗೆ ಹೋದರು. 1978ರಲ್ಲಿ ಮೇಲ್ಮನವಿ ಕೋರ್ಟ್ ಆ ಭಾಗವನ್ನು ರದ್ದು ಮಾಡಿತು.

ಅಷ್ಟಕ್ಕೇ ಆ ದೇಶ ಇಪ್ಪತ್ತು ವರ್ಷ ಹಿಂದೆ ಬಿತ್ತು. ಯುರೋಪಿನಲ್ಲಿ ಮರ್ಸಿಡಿಸ್-ಬೆಂಜ್ ಮತ್ತು ಬ್ರೇಕ್ ತಯಾರಿಸುವ ವ್ಯಾಬ್ಕೊ ಕಂಪನಿ ಸೇರಿ 1981ರಲ್ಲಿ ಗಟ್ಟಿಯಾದ ಎಬಿಎಸ್ ತಂದರು. 1991ರಿಂದ ಅಲ್ಲಿ ಭಾರೀ ಲಾರಿ, ಬಸ್ಸುಗಳಿಗೆ ಅದು ಕಡ್ಡಾಯ. ಅಮೆರಿಕದಲ್ಲಿ ಟ್ರ್ಯಾಕ್ಟರ್‌ಗಳಿಗೆ ಮತ್ತೆ ಕಡ್ಡಾಯವಾಗಿದ್ದು 1997ರಲ್ಲಿ, ಟ್ರೇಲರ್‌ಗಳಿಗೆ 1998ರಲ್ಲಿ. ಆ ಹೊತ್ತಿಗೆ ಒಂದು ಪೀಳಿಗೆಯ ಡ್ರೈವರ್‌ಗಳ ತಲೆಯಲ್ಲಿ ‘ಎಲೆಕ್ಟ್ರಾನಿಕ್ ಬ್ರೇಕ್ ನಂಬಬೇಡ’ ಅನ್ನುವ ಮಾತು ಕೂತುಬಿಟ್ಟಿತ್ತು. ಅರೆಬೆಂದ ಸೌಲಭ್ಯವನ್ನು ಅವಸರದಲ್ಲಿ ಕಡ್ಡಾಯ ಮಾಡಿದರೆ ಆಗುವ ನಷ್ಟ ಇದು. ಈಗಿನ ರೇಡಾರ್ ಮಾರುವವರು ಈ ಕಥೆ ಒಮ್ಮೆ ಓದಿಕೊಳ್ಳಬೇಕು.

ಎಬಿಎಸ್ ನಿಂತ ಮೇಲೆ ಉಳಿದದ್ದು ಒಂದರ ಹಿಂದೆ ಒಂದು ಬಂತು. ಚಕ್ರದ ವೇಗ ಗೊತ್ತಿದೆ, ಬ್ರೇಕಿನ ವಾಲ್ವ್ ಕಂಪ್ಯೂಟರ್ ಕೈಯಲ್ಲಿದೆ. ಇದಕ್ಕೆ ಸ್ಟೇರಿಂಗ್ ಎಷ್ಟು ತಿರುಗಿದೆ, ಗಾಡಿ ಎಷ್ಟು ವಾಲುತ್ತಿದೆ ಅಂತ ಅಳೆಯುವ ಸೆನ್ಸರ್ ಸೇರಿಸಿದರೆ ಸ್ಟೆಬಿಲಿಟಿ ಕಂಟ್ರೋಲ್ ಆಯಿತು. ಲಾರಿಗೆ ಇದು ಕಾರಿಗಿಂತ ಜಾಸ್ತಿ ಮುಖ್ಯ. ಕಾರು ತಿರುವಿನಲ್ಲಿ ವೇಗ ಹೆಚ್ಚಾದರೆ ಮೊದಲು ಜಾರುತ್ತದೆ. ಎತ್ತರಕ್ಕೆ ಲೋಡ್ ಆದ ಲಾರಿ ಜಾರುವುದಕ್ಕೆ ಮುಂಚೆಯೇ ಮಗುಚುತ್ತದೆ. ತನ್ನ ತೂಕದ ಮೂರನೇ ಒಂದು ಭಾಗದಷ್ಟು ಬಲ ಪಕ್ಕಕ್ಕೆ ಎಳೆದರೆ ಸಾಕು. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ ಅದು ಗಂಟೆಗೆ 46-47 ಕಿ.ಮೀ. ವೇಗದಲ್ಲೇ ಆಗಿಬಿಡುತ್ತದೆ. ವೇಗ ಶೇ. 10 ಹೆಚ್ಚಾದರೆ ಆ ಎಳೆತ ಶೇ. 21 ಹೆಚ್ಚುತ್ತದೆ. ಇದರಲ್ಲಿ ಕೆಟ್ಟ ಸಂಗತಿ ಏನೆಂದರೆ, ಮುಂದೆ ಕ್ಯಾಬಿನ್ನಿನಲ್ಲಿ ಕೂತ ಡ್ರೈವರ್‌ಗೆ ಹಿಂದಿನ ಟ್ರೇಲರ್ ಎದ್ದದ್ದು ಗೊತ್ತೇ ಆಗುವುದಿಲ್ಲ. ಗೊತ್ತಾದಾಗ ಹೊತ್ತು ಮೀರಿರುತ್ತದೆ. ಸೆನ್ಸರ್‌ಗೆ ಮೊದಲೇ ಗೊತ್ತಾಗುತ್ತದೆ. ಅದು ಎಂಜಿನ್ ಬಲ ಇಳಿಸಿ, ಬೇಕಾದ ಚಕ್ರಗಳಿಗೆ ತಾನೇ ಬ್ರೇಕ್ ಹಾಕುತ್ತದೆ. ಅಮೆರಿಕದಲ್ಲಿ ಬಹುತೇಕ ಹೊಸ ಟ್ರ್ಯಾಕ್ಟರ್‌ಗಳಿಗೆ ಇದು 2017ರ ಆಗಸ್ಟಿನಿಂದ ಕಡ್ಡಾಯ. ಎಲೆಕ್ಟ್ರಾನಿಕ್ ಸೌಲಭ್ಯಗಳಲ್ಲಿ ಒಂದನ್ನೇ ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ.

ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ಇದರ ಮೇಲಿನ ಮೆಟ್ಟಿಲು. ಅದಕ್ಕೆ ಮೊದಲು ಇನ್ನೊಂದು ಆಗಬೇಕಿತ್ತು. ಪೆಡಲಿನ ಸೂಚನೆ ಗಾಳಿ ಪೈಪಿನ ಬದಲು ವೈರಿನಲ್ಲಿ ಓಡಬೇಕಿತ್ತು. ಹಾಗಾದರೆ ಎಲ್ಲ ಚಕ್ರಗಳಿಗೂ ಒಂದೇ ಸಲ ಅಪ್ಪಣೆ ಮುಟ್ಟುತ್ತದೆ, ಮೇಲೆ ಹೇಳಿದ ಅರ್ಧ ಸೆಕೆಂಡಿನಲ್ಲಿ ಒಂದಿಷ್ಟು ಉಳಿಯುತ್ತದೆ. ಇದೇ ಇಬಿಎಸ್, ಮರ್ಸಿಡಿಸ್‌ನ ಆಕ್ಟ್ರೋಸ್ ಲಾರಿಯಲ್ಲಿ 1996ರಲ್ಲಿ ಬಂತು. ವೈರು ಕೆಟ್ಟರೆ ಹಿಂದೆ ಗಾಳಿ ಇದ್ದೇ ಇದೆ. ಹತ್ತು ವರ್ಷದ ನಂತರ, 2006ರಲ್ಲಿ, ಅದೇ ಆಕ್ಟ್ರೋಸ್‌ನಲ್ಲಿ ರೇಡಾರ್ ನೋಡಿ ಬ್ರೇಕ್ ಹಾಕುವ ವ್ಯವಸ್ಥೆ ಬಂತು. ಯುರೋಪಿನಲ್ಲಿ 2015ರ ನವೆಂಬರ್‌ನಿಂದ ಬಹುತೇಕ ಎಲ್ಲ ಹೊಸ ಭಾರೀ ಲಾರಿಗಳಿಗೆ ಇದು ಕಡ್ಡಾಯ.

ಆದರೆ ಆ ಮೊದಲ ನಿಯಮ ಎಷ್ಟು ಸಡಿಲವಾಗಿತ್ತು ಗೊತ್ತಾ? ಎದುರಿಗೆ ನಿಂತ ವಾಹನ ಇದ್ದರೆ, 80 ಕಿ.ಮೀ. ವೇಗದಲ್ಲಿ ಬರುವ ಲಾರಿ ಗುದ್ದುವ ಮುಂಚೆ ವೇಗವನ್ನು ಗಂಟೆಗೆ 10 ಕಿ.ಮೀ. ತಗ್ಗಿಸಿದರೆ ಸಾಕು. ಆಮೇಲೆ ಅದನ್ನು 20 ಮಾಡಿದರು. ಅಂದರೆ 60ರಲ್ಲಿ ಗುದ್ದಿದರೂ ನಿಯಮದ ಪ್ರಕಾರ ಪಾಸು! ಕಾರಣ ರೇಡಾರಿನ ಸ್ವಭಾವ. ಚಲಿಸುವ ವಸ್ತುವನ್ನು ಅದು ಚೆನ್ನಾಗಿ ಗುರುತಿಸುತ್ತದೆ. ನಿಂತಿರುವುದರಲ್ಲಿ ಲಾರಿ ಯಾವುದು, ಸೇತುವೆ ಯಾವುದು, ರಸ್ತೆಯ ಫಲಕ ಯಾವುದು ಅಂತ ಹಳೇ ರೇಡಾರ್‌ಗೆ ಗೊತ್ತಾಗುತ್ತಿರಲಿಲ್ಲ. ಪ್ರತಿ ಸೇತುವೆಗೂ ಬ್ರೇಕ್ ಹಾಕುವ ಲಾರಿಯನ್ನು ಯಾರು ಓಡಿಸುತ್ತಾರೆ? ಅದಕ್ಕೇ ನಿಂತ ವಸ್ತುಗಳನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳದ ಹಾಗೆ ಮಾಡಿದ್ದರು. ರೇಡಾರಿನ ಜೊತೆ ಕ್ಯಾಮೆರಾ ಸೇರಿದ ಮೇಲೆ ಇದು ಎಷ್ಟೋ ಸುಧಾರಿಸಿದೆ, ನಿಯಮವೂ ಬಿಗಿಯಾಗಿದೆ. ಹಾಗಾಗಿ ‘ಆಟೋ ಬ್ರೇಕ್ ಇದೆ’ ಅಂತ ಯಾರಾದರೂ ಹೇಳಿದರೆ ಯಾವ ವರ್ಷದ ಲಾರಿ ಅಂತ ಕೇಳಿ. ಹೆಸರು ಒಂದೇ, ಒಳಗಿನ ಸಾಮರ್ಥ್ಯ ಬೇರೆ ಬೇರೆ.

ಇನ್ನು ‘ಹಳೇ ಕಬ್ಬಿಣ’. ಹಳೇ ಲಾರಿಯ ಚಾಸಿಸ್ ಗಟ್ಟಿ, ಒಪ್ಪುತ್ತೇನೆ. ಆದರೆ ಡ್ರೈವರ್ ಕೂರುವುದು ಚಾಸಿಸ್ ಒಳಗಲ್ಲ, ಅದರ ಮೇಲೆ ಕೂರಿಸಿದ ಕ್ಯಾಬಿನ್ನಿನಲ್ಲಿ. ಒಂದು ಕಾಲದಲ್ಲಿ ಅದು ಮರದ ಚೌಕಟ್ಟಿಗೆ ತಗಡು ಹೊಡೆದದ್ದು. ಸ್ವೀಡನ್ 1960ರ ದಶಕದ ಆರಂಭದಲ್ಲೇ ಕ್ಯಾಬಿನ್ನಿಗೆ ಭಾರದ ಗುಂಡು ತೂಗಿ ಹೊಡೆದು ಪರೀಕ್ಷೆ ಮಾಡಲು ಶುರು ಮಾಡಿತು. ವಾಲ್ವೊ, ಸ್ಕ್ಯಾನಿಯಾ ಕ್ಯಾಬಿನ್‌ಗಳಿಗೆ ಗಟ್ಟಿತನದ ಹೆಸರು ಬರಲು ಅದೂ ಒಂದು ಕಾರಣ. ಸೀಟ್ ಬೆಲ್ಟ್ ವಿಷಯದಲ್ಲಿ ಲಾರಿಯವರು ತುಂಬಾ ಹಿಂದೆ ಉಳಿದರು. ಅದಕ್ಕೆ ಅಹಂಕಾರ ಒಂದೇ ಕಾರಣ ಅಲ್ಲ. ಲಾರಿ ಸೀಟು ಗಾಳಿ ತುಂಬಿದ ಚೀಲದ ಮೇಲೆ ಕೂತು ಮೇಲಕ್ಕೂ ಕೆಳಕ್ಕೂ ಕುಣಿಯುತ್ತದೆ. ಬೆಲ್ಟ್ ಕ್ಯಾಬಿನ್ ಗೋಡೆಗೆ ಕಟ್ಟಿದ್ದರೆ ಪ್ರತಿ ಗುಂಡಿಗೂ ಹೆಗಲು, ಕತ್ತು ಜಗ್ಗುತ್ತದೆ. ಬೆಲ್ಟನ್ನು ಸೀಟಿಗೇ ಜೋಡಿಸಿದ ಮೇಲೆ ಆ ಕಿರಿಕಿರಿ ಹೋಯಿತು.

ಇಲ್ಲಿ ಇನ್ನೊಂದು ಮಾತು ಹೇಳಬೇಕು, ಇದನ್ನು ಯಾರೂ ಕೇಳುವುದಿಲ್ಲ. ಬ್ರೇಕ್ ಚೆನ್ನಾಗಿ ಆದಷ್ಟೂ ಲೋಡಿನ ಅಪಾಯ ಜಾಸ್ತಿ. ಲಾರಿ ಗಕ್ಕನೆ ನಿಂತರೂ ಹಿಂದಿನ ಪೈಪು, ಉಕ್ಕಿನ ಸುರುಳಿ ನಿಲ್ಲುವುದಿಲ್ಲ, ನೇರ ಕ್ಯಾಬಿನ್ನಿಗೆ ನುಗ್ಗುತ್ತವೆ. ಯುರೋಪಿನ ಲೆಕ್ಕದಲ್ಲಿ ಸರಕು ಮುಂದಕ್ಕೆ ಹೋಗದಂತೆ ಅದರ ತೂಕದ ಶೇ. 80ರಷ್ಟು ಬಲವನ್ನು ತಡೆಯುವಂತೆ ಕಟ್ಟಬೇಕು, ಪಕ್ಕಕ್ಕೂ ಹಿಂದಕ್ಕೂ ಶೇ. 50ರಷ್ಟು. 25 ಟನ್ ಸರಕಿಗೆ ಮುಂದಕ್ಕೆ 20 ಟನ್ ಬಲ. ಬರೀ ಹಗ್ಗ ಸುತ್ತಿ ಬಿಗಿದರೆ ಇದು ಆಗುವ ಕೆಲಸವಲ್ಲ. ಬೆಲ್ಟು, ಚೈನು ಬೇಕು, ಸರಕಿನ ಅಡಿಗೆ ಜಾರದ ರಬ್ಬರ್ ಮ್ಯಾಟ್ ಬೇಕು, ಮುಂದೆ ಜಾಗ ಬಿಡದೆ ಲೋಡ್ ಮಾಡಬೇಕು. ರೇಡಾರ್ ಹಾಕಿಸಿದ ಮಾಲೀಕರು ಇದಕ್ಕೂ ಖರ್ಚು ಮಾಡಿದ್ದಾರಾ ಅಂತ ನೋಡಿದರೆ ಅವರ ಸುರಕ್ಷತೆಯ ಕಾಳಜಿ ಎಷ್ಟು ಅಂತ ಗೊತ್ತಾಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಲಾರಿಯ ಒಳಗಿನವರ ವಿಷಯ. ಆದರೆ ಲಾರಿ ಅಪಘಾತದಲ್ಲಿ ಸಾಯುವವರು ಹೆಚ್ಚಾಗಿ ಹೊರಗಿನವರು. ಕಾರು ಹಿಂದಿನಿಂದ ಬಂದು ಟ್ರೇಲರಿಗೆ ಗುದ್ದಿದರೆ ಬಂಪರ್‌ಗೆ ಬಂಪರ್ ಸಿಗುವುದಿಲ್ಲ. ಕಾರಿನ ಬಾನೆಟ್ ಅಡಿಗೆ ತೂರಿ, ಟ್ರೇಲರಿನ ಅಂಚು ನೇರ ಗಾಜಿಗೆ ಬರುತ್ತದೆ. ಏರ್ ಬ್ಯಾಗು, ಸೀಟ್ ಬೆಲ್ಟು ಅಲ್ಲಿ ಏನೂ ಮಾಡಲಾರವು. 1967ರ ಜೂನ್‌ನಲ್ಲಿ ಹಾಲಿವುಡ್ ನಟಿ ಜೇನ್ ಮ್ಯಾನ್ಸ್‌ಫೀಲ್ಡ್ ಸತ್ತದ್ದು ಹೀಗೇ. ನ್ಯೂ ಆರ್ಲಿಯನ್ಸ್ ಹತ್ತಿರ ರಾತ್ರಿ ಹೊತ್ತು, ಸೊಳ್ಳೆಗೆ ಹಾಕಿದ ಹೊಗೆಯ ನಡುವೆ ಅವರ ಕಾರು ಟ್ರೇಲರಿನ ಹಿಂಭಾಗಕ್ಕೆ ನುಗ್ಗಿತು. ಮುಂದಿನ ಸೀಟಿನ ಮೂವರೂ ಸತ್ತರು, ಹಿಂದಿನ ಸೀಟಿನ ಮಕ್ಕಳು ಬದುಕಿದರು. ಟ್ರೇಲರ್ ಹಿಂದೆ ಅಡ್ಡಲಾಗಿ ಹಾಕುವ ಕಂಬಿಗೆ ಅಮೆರಿಕದಲ್ಲಿ ಈಗಲೂ ‘ಮ್ಯಾನ್ಸ್‌ಫೀಲ್ಡ್ ಬಾರ್’ ಅನ್ನುತ್ತಾರೆ.

ಕಂಬಿಯ ನಿಯಮ ಅಲ್ಲಿ 1950ರ ದಶಕದಿಂದಲೇ ಇತ್ತು. ಆದರೆ ಅದು ನೆಲದಿಂದ 30 ಇಂಚು ಎತ್ತರದಲ್ಲಿದ್ದರೂ ಸಾಕಿತ್ತು. ಕಾರು ಆರಾಮಾಗಿ ಕೆಳಗೆ ಹೋಗುತ್ತಿತ್ತು. 1998ರಿಂದ ಹೊಸ ಟ್ರೇಲರ್‌ಗಳಿಗೆ 22 ಇಂಚು ಮಾಡಿ, ಕಂಬಿಯ ಬಲಕ್ಕೂ ಪರೀಕ್ಷೆ ಇಟ್ಟರು. ನಟಿ ಸತ್ತು ಮೂವತ್ತು ವರ್ಷ ದಾಟಿತ್ತು. ಆಮೇಲೂ ಒಂದು ಕೊರತೆ ಉಳಿದಿತ್ತು. ಕಂಬಿಯನ್ನು ಹಿಡಿದಿರುವುದು ಚಾಸಿಸ್ಸಿನ ಎರಡು ಉದ್ದ ಹಳಿಗಳು. ಅವು ಮಧ್ಯದ ಕಡೆಗಿವೆ. ಕಾರು ನಟ್ಟನಡುವೆ ಗುದ್ದಿದರೆ ಕಂಬಿ ತಡೆಯುತ್ತದೆ. ಮೂಲೆಗೆ ಗುದ್ದಿದರೆ ಆಧಾರವಿಲ್ಲದ ತುದಿ ಬಾಗಿಬಿಡುತ್ತದೆ. ಅಮೆರಿಕದ ವಿಮಾ ಸಂಸ್ಥೆಗಳ ಸುರಕ್ಷತಾ ಸಂಶೋಧನಾ ಸಂಸ್ಥೆ ಕಾರುಗಳನ್ನು ಗುದ್ದಿಸಿ ಇದನ್ನು ತೋರಿಸಿದ ಮೇಲೆ ಟ್ರೇಲರ್ ಕಂಪನಿಗಳು ತುದಿಗಳಿಗೂ ಆಧಾರ ಕೊಡತೊಡಗಿದವು. ನಿಮ್ಮ ಲಾರಿಯ ಹಿಂದಿನ ಕಂಬಿ ತುಕ್ಕು ಹಿಡಿದು ಜೋತಾಡುತ್ತಿದ್ದರೆ ಅದು ಇದ್ದೂ ಇಲ್ಲದ ಲೆಕ್ಕ.

ಡ್ರೈವರ್‌ಗೆ ಕಾಣದ ಜಾಗಗಳ ವಿಷಯದಲ್ಲಿ ಕನ್ನಡಿಗಳ ಸಂಖ್ಯೆ ಹೆಚ್ಚುತ್ತಾ ಹೋಯಿತು, ಆಮೇಲೆ ಕ್ಯಾಮೆರಾ ಬಂತು. ನನಗೆ ಹಿಡಿಸಿದ್ದು ಲಂಡನ್ನಿನವರ ದಾರಿ. 2021ರಿಂದ ಅಲ್ಲಿ 12 ಟನ್ ಮೀರಿದ ಲಾರಿಗಳಿಗೆ ಕ್ಯಾಬಿನ್ನಿನ ಗಾಜಿನಿಂದ ನೇರವಾಗಿ ಎಷ್ಟು ಕಾಣುತ್ತದೆ ಅನ್ನುವುದಕ್ಕೇ ಸ್ಟಾರ್ ಕೊಡುತ್ತಾರೆ. ಸ್ಟಾರ್ ಕಮ್ಮಿ ಇದ್ದರೆ ಹೆಚ್ಚಿನ ಉಪಕರಣ ಹಾಕಿಸದೆ ಒಳಗೆ ಬಿಡುವುದಿಲ್ಲ. ಆರು ಕನ್ನಡಿ, ಎರಡು ಪರದೆ ನೋಡುತ್ತಾ ಎಡಕ್ಕೆ ತಿರುಗಿಸುವುದಕ್ಕಿಂತ, ಗಾಜು ಕೆಳಗಿದ್ದು ಸೈಕಲ್ಲಿನವನ ಮುಖವೇ ಕಾಣುವುದು ಎಷ್ಟೋ ಮೇಲು ಅಲ್ವಾ?

ಕೊನೆಯ ಪ್ರಶ್ನೆ, ಹಳೇ ಲಾರಿಗೆ ಇವನ್ನು ಹಾಕಿಸಬಹುದಾ. ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆಯನ್ನು ಹೊರಗಿನಿಂದ ತಂದು ಜೋಡಿಸುವ ಯೋಚನೆ ಬಿಡಿ. ಬ್ರೇಕಿನ ವಾಲ್ವೇ ಕಂಪ್ಯೂಟರಿನ ಮಾತು ಕೇಳದ ಗಾಡಿಯಲ್ಲಿ ರೇಡಾರ್ ಬರೀ ಕೂಗಬಹುದು. ಪಕ್ಕದ, ಹಿಂದಿನ ಕ್ಯಾಮೆರಾ, ಟೈರಿನ ಗಾಳಿ ತೋರಿಸುವ ಸೆನ್ಸರ್, ಮುಂದಿನ ವಾಹನ ಹತ್ತಿರವಾದರೆ ಎಚ್ಚರಿಸುವ ಕ್ಯಾಮೆರಾ, ಇವನ್ನು ಹಾಕಿಸಬಹುದು. ಸುತ್ತಲೂ ಹೊಳೆಯುವ ರಿಫ್ಲೆಕ್ಟರ್ ಟೇಪನ್ನಂತೂ ಇವತ್ತೇ ಹಚ್ಚಿ. ಖರ್ಚು ಅತಿ ಕಮ್ಮಿ, ರಾತ್ರಿ ಹೊತ್ತಿನ ಪ್ರಯೋಜನ ಬಹಳ.

ಅದಕ್ಕೂ ಮುಂಚೆ ಎರಡು ಪರೀಕ್ಷೆ ಮಾಡಿ. ಎರಡಕ್ಕೂ ಮೊದಲು ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕೊಟ್ಟು, ಗಾಳಿ ತುಂಬಿದ ಮೇಲೆ ಎಂಜಿನ್ ಆಫ್ ಮಾಡಿ, ಪಾರ್ಕಿಂಗ್ ಬ್ರೇಕ್ ಬಿಡಿಸಿ. ಮೊದಲನೆಯದಕ್ಕೆ ಪೆಡಲ್ ಪೂರ್ತಿ ತುಳಿದು ಹಿಡಿಯಿರಿ. ಮೊದಲಿಗೆ ಮುಳ್ಳು ಇಳಿದು ನಿಂತ ಮೇಲೆ ಒಂದು ನಿಮಿಷ ಮೀಟರ್ ನೋಡಿ. ಒಂಟಿ ಲಾರಿಯಾದರೆ 3 ಪಿಎಸ್‌ಐ, ಟ್ರೇಲರ್ ಇದ್ದರೆ 4 ಪಿಎಸ್‌ಐಗಿಂತ ಜಾಸ್ತಿ ಇಳಿದರೆ ಎಲ್ಲೋ ಸೋರುತ್ತಿದೆ. ಎರಡನೆಯದು ಸ್ಲ್ಯಾಕ್ ಅಡ್ಜಸ್ಟರ್, ಚೇಂಬರಿನ ರಾಡನ್ನು ಬ್ರೇಕಿಗೆ ಜೋಡಿಸುವ ತೋಳು. ಪೆಡಲ್ ಬಿಟ್ಟು, ಕೈಗವಸು ಹಾಕಿಕೊಂಡು ಒಂದೊಂದನ್ನೇ ಜೋರಾಗಿ ಎಳೆದು ನೋಡಿ. ರಾಡ್ ಜೋಡಿಸಿರುವ ಜಾಗದಲ್ಲಿ ಅದು ಒಂದು ಇಂಚಿಗಿಂತ ಹೆಚ್ಚು ಅಲ್ಲಾಡಿದರೆ ಬ್ರೇಕ್ ಸಡಿಲವಾಗಿದೆ. ಆಟೋಮ್ಯಾಟಿಕ್ ಅಡ್ಜಸ್ಟರ್ ಇರುವ ಗಾಡಿಯಾದರೆ ಸುಮ್ನೆ ಕೈಯಿಂದ ತಿರುಗಿಸಿ ಬಿಗಿ ಮಾಡಿ ಕಳಿಸಬೇಡಿ. ತಾನಾಗಿ ಬಿಗಿಯಾಗಬೇಕಾದದ್ದು ಆಗಿಲ್ಲ ಅಂದರೆ ಅದೋ, ಬ್ರೇಕಿನ ಬೇರೆ ಯಾವುದೋ ಭಾಗವೋ ಕೆಟ್ಟಿದೆ. ವರ್ಕ್‌ಶಾಪಿನಲ್ಲಿ ಬಿಚ್ಚಿಸಿ ನೋಡಿಸಿ.